ಬೀಗರು ತಂದ ಡಬ್ಬಿ

ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಬಾಯಿ ನಿಂತಿಲ್ಲ ಅಂತ ನಮ್ಮ ಮನಿಯಾಕಿ ಬೈಯುತ್ತಾಳೆ. ಖರೆ ಐತಿ. ಅಕಿ ಆಕಳಿಸಿದರೂ ಅದು ನನಗೆ ನಾಲ್ಕು ಮಂದಿಗೆ ಹೇಳುವ ಸುದ್ದಿ. ಈಗ ಹೇಳಲಿಕ್ಕೆ ಕುಂತದ್ದು ಬೇರೆ ಸುದ್ದಿ, ನಮ್ಮ ಅಪಾರ್ಟ್‌ಮೆಂಟಿಗೆ ತುರ್ತು ಡಬ್ಬಿ ಮಾಡಿಸಿದ ಕಥಿ. ಆದರೆ ಅದರೊಳಗೂ ಅಕಿ ಬರುತ್ತಾಳೆ. ಎರಡನ್ನೂ ಬಿಡಿಸಿ ಬರೆಯಲಿಕ್ಕೆ ನನ್ನಿಂದ ಆಗಿಲ್ಲ. ನಾಲ್ಕನೇತ್ತ ಕಲಿತವ ನಾನು, ಎಲ್ಲಿಯಾದರೂ ಹಿಂದುಮುಂದಾದರೆ ಸರಿ ಮಾಡಿಕೊಂಡು ಓದಬೇಕು.

ಬಾಗಲಕೋಟಿ ನವನಗರದಲ್ಲಿ ನಾಲ್ಕು ಮಾಳಿಗಿಯ ಕಟ್ಟಡ ಅದು. ನೆಲದ ಕೆಳಗೆ ಗಾಡಿ ನಿಲ್ಲಿಸುವ ಜಾಗ, ಅದರ ಮೂಲೆಗೆ ಪಂಪಿನ ಕೋಣಿ. ನೀರು, ಲಿಫ್ಟು, ಜನರೇಟರು ನೋಡಿಕೊಳ್ಳುವುದು ನನ್ನ ಕೆಲಸ. ಮ್ಯಾಲೆ, ಕಟ್ಟಡದ ಹಿಂದಿನ ಎರಡು ಕೋಣಿಯಲ್ಲಿ ನಮ್ಮ ಸಂಸಾರ.

ಆ ಬ್ಯಾಸಗಿಯ ಒಂದು ಸಂಜಿ ಗಾಳಿ ಎದ್ದಿತು. ಕರೆಂಟ್ ಹೋಯಿತು. ಜನರೇಟರು ಹತ್ತಲಿಲ್ಲ. ನಾನು ಕೆಳಗೆ ಅದರ ಮುಂದೆ ಕುಂತು ಒದ್ದಾಡುತ್ತಿದ್ದೆ. ನಾಲ್ಕನೇ ಮಾಳಿಗಿಯಲ್ಲಿ ಒಬ್ಬ ಅಕ್ಕೋರು ಇದ್ದಾರೆ, ಸಾಲಿ ಕಲಿಸಿ ಪೆನ್ಷನ್ ಆದವರು, ಒಬ್ಬರೇ ಇರುತ್ತಾರೆ. ಅವರಿಗೆ ಉಸಿರಿನ ತೊಂದರೆ. ಮೂಗಿಗೆ ನಳಿಗಿ, ಮಗ್ಗಲಿಗೆ ಆಕ್ಸಿಜನ್ ಮಷೀನು, ಅದು ಕರೆಂಟಿನ ಮೇಲೆ ನಡೆಯುವಂಥದ್ದು. ಮಷೀನು ನಿಂತಿತು. ಒಂದು ಸಿಲಿಂಡರ್ ಇತ್ತು, ಅದರ ಬಾಯಿ ತಿರುವುವ ಪಾನಾ ಕತ್ತಲಿಯಲ್ಲಿ ಸಿಗಲಿಲ್ಲ. ಫೋನ್ ಹಚ್ಚಿದರೆ ನೆಲದ ಕೆಳಗೆ ಇದ್ದ ನನಗೆ ಹತ್ತಲಿಲ್ಲ. ಕಡೆಗೆ ಅವರು ಗ್ಯಾಲರಿಗೆ ಬಂದು ಸ್ಟೀಲ್ ಲೋಟದಿಂದ ಗ್ರಿಲ್ ಬಡಿದರು. ಎದುರಿನ ಮನಿಯವರು ಕೇಳಿ ಓಡಿ ಬಂದು ಪಾನಾ ಹುಡುಕಿ ಕೊಟ್ಟರು.

ಮರುದಿನ ನಾನು ಮ್ಯಾಲೆ ಹೋದಾಗ ಅಕ್ಕೋರು ಲೋಟ ತೋರಿಸಿದರು. ಅಂಚು ಚಪ್ಪಟೆ ಆಗಿತ್ತು.

"ಎಷ್ಟ ಬಡದ್ರೂ ನಿನಗ ಕೇಳಲಿಲ್ಲಲ್ಲೋ. ನಾಕನೇತ್ತ ಪಾಸೋ ನಪಾಸೋ ನೀ?"

"ಪಾಸ್ ಆಗೇನ್ರಿ ಅಕ್ಕೋರ. ಕಿವಿ ನಪಾಸ್ ಆಗ್ಯಾವು."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಸಂಘದ ಅಧ್ಯಕ್ಷರು ಮೀಟಿಂಗ್ ಕರೆದರು. ಪ್ರತಿ ಮಾಳಿಗಿಗೆ ಒಂದು ಕೆಂಪು ಡಬ್ಬಿ, ಅದರಲ್ಲಿ ಬ್ಯಾಟರಿ ದೀಪ, ಸೀಟಿ, ಹಗ್ಗ, ಗಾಯದ ಪಟ್ಟಿ, ಒಂದು ವಾಕಿಟಾಕಿ. ಅಕ್ಕೋರ ಮಷೀನು ನಡೆಸಲಿಕ್ಕೆ ಎತ್ತಿ ಒಯ್ಯುವಂಥ ಒಂದು ಪವರ್ ಬಾಕ್ಸು, ಕೆಳಗೆ ಇಡಲಿಕ್ಕೆ ಇನ್ನೊಂದು. ಏನು ತರಬೇಕು, ಎಲ್ಲಿ ತರಬೇಕು ನೋಡಿ ಹೇಳುವ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ಅಕ್ಕೋರು ಮ್ಯಾಲಿನಿಂದಲೇ ಹೇಳಿ ಕಳಿಸಿದ್ದರಂತೆ, ಅವನೇ ತರಲಿ ಅಂತ.

ನಾನು ಮೊದಲು ನೋಡಿದ್ದು ನೀರು ಹಾಕುವ ದೊಡ್ಡ ಬ್ಯಾಟರಿ, ಮನಿಗಳಲ್ಲಿ ಇನ್ವರ್ಟರಿಗೆ ಇರುವಂಥದ್ದು. ಗಟ್ಟಿ ಮಾಲು, ಆದರೆ ಎತ್ತಲಿಕ್ಕೆ ಇಬ್ಬರು ಬೇಕು. ಲಿಥಿಯಂ ಬಾಕ್ಸಾದರೆ ಒಬ್ಬ ಹೆಣ್ಣುಮಗಳು ಹಿಡಿಕಿ ಹಿಡಿದು ಒಯ್ಯಬಹುದು. ಅದರಲ್ಲೂ ಫರಕು ಐತಿ. ಅಗ್ಗದವು ಕೊಡುವ ಕರೆಂಟು ಒರಟು, ದೀಪ ಹತ್ತುತ್ತದೆ, ಆದರೆ ಆಕ್ಸಿಜನ್ ಮಷೀನು ಗುಂಯ್ ಅನ್ನುತ್ತದೆ, ಬಿಸಿ ಆಗುತ್ತದೆ. ಮಷೀನಿನ ಬೆನ್ನಿಗೆ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಚಾಲೂ ಆಗುವಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ, ಅದನ್ನೂ ಹಿಡಿದೇ ಬಾಕ್ಸು ಆರಿಸಬೇಕು. ಇದನ್ನೆಲ್ಲ ಅಧ್ಯಕ್ಷರು ಫೋನಿನಲ್ಲಿ ಓದಿ ಓದಿ ನನಗೆ ತಿಳಿಸಿದರು.

ವಾಕಿಟಾಕಿಯದು ಇನ್ನೊಂದು ಪರಿ. ಉದ್ದ ಕೋಲಿನ ದೊಡ್ಡ ಸೆಟ್ಟುಗಳಿಗೆ ಸರಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಡದ ಸಣ್ಣವೂ ಅದಾವು, ಅವುಗಳ ಧ್ವನಿ ದೂರ ಹೋಗುವುದಿಲ್ಲ. ಕೆರೂರಿನ ಪರಿಚಯದ ಅಂಗಡಿಯಿಂದ ನೋಡಲಿಕ್ಕೆಂದು ಎರಡು ಸೆಟ್ಟು ತಂದೆ. ಒಂದನ್ನು ನಮ್ಮ ಮನಿಯಾಕಿಯ ಕೈಯಲ್ಲಿ ಕೊಟ್ಟು ಪಂಪಿನ ಕೋಣಿಗೆ ಕಳಿಸಿದೆ, ಇನ್ನೊಂದು ಹಿಡಿದು ನಾನು ಮ್ಯಾಲೆ ಹತ್ತಿದೆ. ಹೆಸರು ಹಿಡಿದು ಕರೆಯಬೇಕು ಅಂತ ಅಧ್ಯಕ್ಷರು ಹೇಳಿಕೊಟ್ಟರು.

"ನಾ ಅವರ ಹೆಸರ ಹೇಳಂಗಿಲ್ರಿ" ಅಂದಳು ಅಕಿ. ಲಗ್ನ ಆದಾಗಿನಿಂದ ಹೇಳಿಲ್ಲ, ವಾಕಿಟಾಕಿ ಸಲುವಾಗಿ ಹೇಳುತ್ತಾಳೇನು? ಕಡೆಗೆ ಸೆಟ್ಟಿನಲ್ಲಿ ಬಂದದ್ದು ಹಿಂಗ: "ರೀ. ಮ್ಯಾಲಿನವರ. ಹಾಲ ಉಕ್ಕತೈತಿ, ಲಗೂನ ಮುಗಸ್ರಿ."

ಲಿಫ್ಟಿನ ಕಡೆ ನಿಂತರೆ ಅದರ ಕಬ್ಬಿಣ, ಕಾಂಕ್ರೀಟು ಧ್ವನಿ ನುಂಗುತ್ತಿತ್ತು. ಹತ್ತಿಳಿಯುವ ಪಾವಟಿಗಿ ಕಡೆ ನಿಂತರೆ ಧ್ವನಿ ಸ್ವಚ್ಛ ಏರಿ ಬರುತ್ತಿತ್ತು. ಅದಕ್ಕೇ ಡಬ್ಬಿ ತೂಗುಹಾಕುವ ಮೊಳಿ ಎಲ್ಲ ಪಾವಟಿಗಿಯ ಗ್ವಾಡಿಗೆ ಹೊಡೆದೆ. ಸೆಟ್ಟು ಚಾರ್ಜ್ ಮಾಡುವಂಥದ್ದು ಬೇಡ, ಪೆನ್ಸಿಲ್ ಸೆಲ್ ಹಾಕುವಂಥದ್ದೇ ಬೇಕು ಅಂತ ನಿರ್ಧಾರ ಮಾಡಿದೆ. ತಿಂಗಳಾನುಗಟ್ಟಲೆ ಡಬ್ಬಿಯಲ್ಲಿ ಬಿದ್ದ ಚಾರ್ಜಿನ ಸೆಟ್ಟು ಬೇಕಾದ ಹೊತ್ತಿಗೆ ಸತ್ತಿರುತ್ತದೆ. ಸೆಲ್ಲಾದರೆ ತೆಗೆದು ಬಾಜೂಕ ಇಟ್ಟಿರಬಹುದು, ಸೆಟ್ಟಿನೊಳಗೆ ನೀರು ಬಿಟ್ಟು ಕೆಡಿಸುವುದಿಲ್ಲ.

ಇಷ್ಟು ಆಗುವಾಗ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ನಮ್ಮ ಮನಿಗೆ ಬಂದಿದ್ದಳು. ಅಕಿಯನ್ನು ಕೊಟ್ಟದ್ದು ಇಳಕಲ್ಲಿಗೆ. ಬೀಗರದು ಅಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ, ಅಳಿಯ ತಂದಿಯ ಸಂಗಾಟ ಅಂಗಡಿಯಲ್ಲೇ ಕೂಡುತ್ತಿದ್ದ. ನಾನು ಊರೂರು ಅಂಗಡಿ ನೋಡುವ ಸುದ್ದಿ ಮಗಳ ಬಾಯಿಂದ ಬೀಗರಿಗೆ ಮುಟ್ಟಿತು. ಫೋನ್ ಬಂತು.

"ಬೀಗರ, ನಮ್ಮ ಅಂಗಡಿ ಇರೂಮುಂದ ನೀವು ಮಂದಿ ಅಂಗಡಿ ಕಟ್ಟಿ ಹತ್ತತೀರಿ? ಕೇಳಿದಾವ್ರು ಏನಂದಾರು?"

ನಾನು ಅಧ್ಯಕ್ಷರ ಒಪ್ಪಿಗಿ ತಗೊಂಡು, ಚೀಲದಲ್ಲಿ ಎರಡು ದೊಡ್ಡ ಹ್ಯಾಲೋಜನ್ ದೀಪ ಇಟ್ಟುಕೊಂಡು ಬಸ್ಸು ಹತ್ತಿದೆ. ಅಮೀನಗಡದಲ್ಲಿ ಇಳಿದು ಬೀಗರಿಗೆಂದು ಕರದಂಟು ತಗೊಂಡೆ. ಇಳಕಲ್ಲಿನಲ್ಲಿ ಅವರು ನನ್ನನ್ನು ಗಾದಿಯ ಮೇಲೆ ಕುಂದ್ರಿಸಿ ಒಂದು ಬಾಕ್ಸು ತೆಗೆದಿಟ್ಟರು. ಆಕ್ಸಿಜನ್ ಮಷೀನು ಎಳೆಯುವಷ್ಟು ಕರೆಂಟು ಎಳೆಯಲಿ ಅಂತ ಎರಡೂ ದೀಪ ಹಚ್ಚಿದೆ. ಊಟ ಮಾಡಿ ಬಂದೆವು, ದೀಪ ಉರಿಯುತ್ತಿದ್ದವು. ಚಹಾ ಕುಡಿದೆವು, ಇನ್ನೂ ಉರಿಯುತ್ತಿದ್ದವು. ವಾಕಿಟಾಕಿ ಹಿಡಿದು ಅಳಿಯ ಓಣಿಯ ತುದಿಗೆ ಹೋಗಿ ಮಾತಾಡಿದ. ಚೊಲೋ ಮಾಲು. ಇಂಥದ್ದೇ ಕಳಿಸ್ರಿ ಅಂತ ಹೇಳಿ, ಬಾಕ್ಸನ್ನು ಕೈಯಿಂದ ಎತ್ತಿ ತೂಕ ನೋಡಿ ಬಂದೆ.

ಮೊಮ್ಮಗಳು ಹುಟ್ಟಿದಳು. ಆ ದಿನದ ಬಗ್ಗೆ ಬರೆಯಲಿಕ್ಕೆ ಹೋದರೆ ಡಬ್ಬಿಯ ಕಥಿ ಇಲ್ಲೇ ನಿಲ್ಲುತ್ತದೆ, ಅದಕ್ಕೆ ಬಿಡುತ್ತೇನೆ. ಇಷ್ಟು ಹೇಳುತ್ತೇನೆ, ದವಾಖಾನಿಯ ನರ್ಸಬಾಯಿ ತಂದು ಕೈಯಲ್ಲಿ ಇಟ್ಟಾಗ ಅಕಿ ನನ್ನ ಅಂಗಿಯ ಗುಂಡಿ ಹಿಡಿದಳು, ಬಿಡಲೇ ಇಲ್ಲ. ಆ ಅಂಗಿಯನ್ನು ನಾನು ಈಗ ಕೆಲಸಕ್ಕೆ ಹಾಕಿಕೊಳ್ಳುವುದಿಲ್ಲ.

ಬಾಣಂತಿಯನ್ನೂ ಕೂಸನ್ನೂ ಮನಿಗೆ ಕರೆತಂದ ದಿನವೇ ಬೀಗರು ಟೆಂಪೋ ಮಾಡಿಕೊಂಡು ಬಂದರು. ಟೆಂಪೋದಲ್ಲಿ ನಮ್ಮ ಮಾಲು. ಡಬ್ಬಿ ಇಳಿಸುವುದು ಒಂದು ಕಡೆ, ಕೂಸು ನೋಡುವುದು ಒಂದು ಕಡೆ.

"ಮೂಗು ನಮ್ಮದೈತ್ರಿ ಬೀಗರ" ಅಂದರು ಅವರು, ಕೂಸನ್ನು ಎತ್ತಿಕೊಂಡು.

"ಮೂಗು ನೀವ ಇಟ್ಕೋರಿ. ಕಣ್ಣು ನಮ್ಮವು."

"ಬಣ್ಣ?"

"ಬಣ್ಣ ಇನ್ನಾ ತಡೀರಿ, ಎರಕೊಂಡ ಮ್ಯಾಲ ನೋಡೂಣು."

ಆಮೇಲೆ ಅವರು ಸಣ್ಣ ದನಿಯಲ್ಲಿ ಒಂದು ಮಾತು ಕೇಳಿದರು. ಅವರ ತಾಯಿಯ ಹೆಸರು ನೀಲಮ್ಮ, ತೀರಿಕೊಂಡು ಭಾಳ ವರ್ಷವಾಗಿಲ್ಲ. ಆ ಹೆಸರು ಇಡಬೇಕು ಅಂತ. ಅವರ ಕಣ್ಣಲ್ಲಿ ನೀರು ಇದ್ದವು. ನಾನು ಅವರ ಕೈ ಹಿಡಿದು ಆತು ಅಂದೆ.

ನಮ್ಮ ಕಡೆ ಬೀಗರು ತಂದ ಸಾಮಾನನ್ನು ತಿರುವಿ ಮುರುವಿ ನೋಡುವುದಿಲ್ಲ. ಸೀರಿ ಇರಲಿ, ಕಾಳು ಇರಲಿ, ಅವರ ಎದುರಿಗೆ ಅಲ್ಲ, ಅವರು ಹೋದ ಮೇಲೂ ಅಲ್ಲ. ನೋಡಿದರೆ ಸಂಶಯಪಟ್ಟಂಗ. ನಮ್ಮ ಮನಿಯಾಕಿ ಡಬ್ಬಿಗಳಿಗೆ ಕುಂಕುಮ ಹಚ್ಚಿದಳು. ನಾನು ಬಾಕ್ಸು ಎತ್ತಿದೆ, ಅದೇ ತೂಕ. ಅಧ್ಯಕ್ಷರು ಕೇಳಿದರು, "ಹಚ್ಚಿ ನೋಡಿದ್ರ್ಯಾ?"

"ನಮ್ಮ ಬೀಗರು ತಂದಾರ್ರಿ ಸಾಹೇಬ್ರ."

ಅವರೂ ಇದೇ ನೆಲದವರು. "ಹಂಗಾರ ಆತ ಬಿಡ್ರಿ" ಅಂದು ನಕ್ಕರು.

ಎರಡು ದಿನದ ಮೇಲೆ ಅಳಿಯನ ಫೋನ್ ಬಂತು. ಕೂಸಿನ ಸುದ್ದಿ ಕೇಳಿದ, ಆಮೇಲೆ ಸ್ವಲ್ಪ ತಡೆದು, "ಮಾವಾರ, ಆ ಡಬ್ಬಿ ಒಮ್ಮೆ ಹಚ್ಚಿ ನೋಡ್ರೆಲ್ಲ" ಅಂದ.

"ಹಚ್ಚೂದೇನ್ರಿ ಅಳಿಯಂದ್ರ, ನಿಮ್ಮ ಅಪ್ಪಾರ ತಂದಾರ."

"ಆತ್ರಿ" ಅಂದು ಫೋನ್ ಇಟ್ಟ. ನಾನು ಅದರ ಮೇಲೆ ಮತ್ತೆ ವಿಚಾರ ಮಾಡಲಿಲ್ಲ. ಕೂಸು ಎಡಗಾಲು ಆಡಿಸುತ್ತಿತ್ತು, ಅದನ್ನು ನೋಡುತ್ತ ಕುಂತೆ.

ಡಬ್ಬಿ ತೂಗುಹಾಕಿ ಮುಗಿದ ಮೇಲೆ ಅಧ್ಯಕ್ಷರು ಒಂದು ಭಾನುವಾರ ಮುಂಜಾನಿ ತಾಲೀಮು ಇಟ್ಟರು. ಮೇನ್ ಸ್ವಿಚ್ ತೆಗೆಯುವುದು, ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುವುದು. ಮನಿಯಾಕಿ ಕೆಳಗೆ ವಾಕಿಟಾಕಿ ಹಿಡಿದು ನಿಂತಳು. ನಾನು ಅಕ್ಕೋರ ಮನಿಯಲ್ಲಿ. ಸಿಲಿಂಡರ್ ಮಗ್ಗಲಿಗೆ, ಪಾನಾ ಅದಕ್ಕೇ ದಾರದಿಂದ ಕಟ್ಟಿತ್ತು.

ಕರೆಂಟ್ ಹೋಯಿತು. ಮಷೀನಿನ ವೈರು ಬಾಕ್ಸಿಗೆ ಹಚ್ಚಿದೆ. ಮಷೀನು ಚಾಲೂ ಆಯಿತು. ಅಕ್ಕೋರು ನನ್ನ ಮುಖ ನೋಡಿ ಪಾಸ್ ಅನ್ನುವಂಗ ತಲಿ ಆಡಿಸಿದರು. ನಾನು ವಾಕಿಟಾಕಿ ಒತ್ತಿ ಕೆಳಗೆ ಕರೆದೆ. ಬರೀ ಚರಚರ ಸಪ್ಪಳ. ಪಾವಟಿಗಿಗೆ ಹೋಗಿ ಕರೆದೆ, ಅದೇ ಸಪ್ಪಳ. ಅಷ್ಟರಲ್ಲಿ ಒಳಗೆ ಮಷೀನು ಕೂಗಿಕೊಂಡಿತು. ಓಡಿ ಬಂದು ನೋಡಿದರೆ ಬಾಕ್ಸಿನ ದೀಪ ಆರಿತ್ತು. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ. ಸತ್ತಿತ್ತು. ಪಾನಾ ಹಚ್ಚಿ ಸಿಲಿಂಡರಿನ ಬಾಯಿ ತಿರುವಿ ನಳಿಗಿ ಹಚ್ಚಿದೆ.

ನಮ್ಮ ಮನಿಯಾಕಿ ನಾಲ್ಕು ಮಾಳಿಗಿ ಹತ್ತಿ ಏದುಸಿರು ಬಿಡುತ್ತ ಬಂದಳು, ಸೆಟ್ಟು ಎದಿಗೆ ಒತ್ತಿಕೊಂಡು. "ಆಗಿಂದ ಒದರಾಕ ಹತ್ತೇನಿ, ಕಿವಿ ಎಲ್ಲಿ ಇಟ್ಟೀರಿ?"

ಅಕ್ಕೋರಿಗೆ ನಾಲ್ಕು ಮಾತು ಒಮ್ಮೆ ಆಡಲಿಕ್ಕೆ ಆಗುವುದಿಲ್ಲ. ಒಂದೊಂದೇ ಹೇಳಿದರು. "ಡಬ್ಬಿ ಸತ್ತೈತಿ. ನಾ ಇನ್ನಾ ಇದ್ದೇನಿ. ಹೋಗು, ಬಿಚ್ಚಿ ನೋಡು."

ಬಾಕ್ಸನ್ನು ಪಂಪಿನ ಕೋಣಿಗೆ ಒಯ್ದು ತಿರುಪು ಬಿಚ್ಚಿದೆ. ಒಳಗೆ ಒಂದು ಮೂಲೆಗೆ ಅಂಗೈಯಷ್ಟು ಹಳೆಯ ಬ್ಯಾಟರಿ. ಉಳಿದ ಜಾಗದಲ್ಲಿ ಪ್ಲಾಸ್ಟಿಕ್ ಸುತ್ತಿದ ಸಿಮೆಂಟಿನ ಗಡ್ಡಿ. ತೂಕ ಸರಿ ಬರಲಿ ಅಂತ. ಬ್ಯಾರೆ ಯಾರಿಗೂ ಅಲ್ಲ, ಕೈಯಿಂದ ಎತ್ತಿ ನೋಡಿ ಬಂದಿದ್ದ ನನಗೇ ಆ ಗಡ್ಡಿ ಎರಕ ಹೊಯ್ದಿದ್ದರು. ವಾಕಿಟಾಕಿಯೊಳಗೂ ಹುಡುಗರ ಆಟಿಗಿ ಸಾಮಾನು, ಮ್ಯಾಲಿನ ಚಿಪ್ಪು ಮಾತ್ರ ಅಂಗಡಿಯಲ್ಲಿ ನೋಡಿದ್ದು. ಸಿಮೆಂಟಿನ ಮೇಲೆ ಯಾರದೋ ಬೆರಳಿನ ಗುರುತು ಮೂಡಿತ್ತು. ಅಳಿಯನ ಫೋನು ಆಗ ನೆನಪಾಯಿತು.

ಮರುದಿನ ಇಳಕಲ್ಲಿಗೆ ಹೋದೆ. ಅಮೀನಗಡದಲ್ಲಿ ಬಸ್ಸು ನಿಂತಿತು, ನಾನು ಇಳಿಯಲಿಲ್ಲ.

"ಬರ್ರಿ ಬೀಗರ, ಬರ್ರಿ. ನಮ್ಮ ಗಿಣಿ ಹೆಂಗೈತಿ?" ಅಂದರು. ಅಳಿಯ ಒಳಗೆ ಇದ್ದ. ನನ್ನನ್ನು ನೋಡಿ ತಲಿ ಕೆಳಗೆ ಹಾಕಿ ವೈರು ಸುತ್ತತೊಡಗಿದ.

ನಾನು ಗಾದಿಯ ಮೇಲೆ ಕೂಡಲಿಲ್ಲ. "ಬಾಕ್ಸಿನ್ಯಾಗ ಸಿಮೆಂಟ್ ಐತ್ರಿ."

ಬೀಗರ ಮುಖದಲ್ಲಿ ಮೊದಲು ಬಂದದ್ದು ನಾಚಿಕಿ ಅಲ್ಲ, ಸಿಟ್ಟು. "ಬಿಚ್ಚಿ ನೋಡಿದ್ರ್ಯಾ? ಬೀಗರ ಮಾಲು ಬಿಚ್ಚಿ ನೋಡಿದ್ರ್ಯಾ?"

"ಮಷೀನ್ ನಿಂತಿತ್ರಿ. ಅಕ್ಕೋರು..."

"ಕೂಡ್ರಿ ಮೊದ್ಲ." ದನಿ ಇಳಿಸಿದರು. "ಇಂಥಾ ಡಬ್ಬಿ ಎಲ್ಲಾರೂ ಗ್ವಾಡಿಗೆ ತೂಗಹಾಕಿ ಮರೀತಾರ. ನೋಡಾಕ ಇದ್ರ ಆತು. ಯಾರು ಹಚ್ಚತಾರ?"

"ನಾವು ಹಚ್ಚಿದ್ವಲ್ರಿ."

"ಕಂಪನ್ಯಾವ್ರು ತಪ್ಪ ಕಳಿಸ್ಯಾರಂತ ಹೇಳ್ರಿ. ಮುಂದ ಎರಡ ಮೂರ ತಿಂಗಳದಾಗ ಬದಲಿ ಕಳಸ್ತೇನಿ. ನಿಮ್ಮ ಮಾತು ಯಾರೂ ತಗದ ಹಾಕಂಗಿಲ್ಲ."

"ಅಲ್ಲೀತನಕ ಅಕ್ಕೋರಿಗೆ ಏನ ಮಾಡೂಣ್ರಿ?"

"ಅವ್ರಿಗೂ ವಯಸ್ಸಾಗೈತಲ್ಲ ಬೀಗರ" ಅಂದರು. ಮಳಿ ಬರಬಹುದು ಅಂದಂಗ ಅಂದರು.

ನಾನು ಹೊರಳಿದೆ. ಬೆನ್ನ ಹಿಂದೆ ಅವರ ಮಾತು ಬಂತು. "ನನ್ನ ಹೆಸರ ಹೇಳಿದ್ರ, ತೊಟ್ಟಿಲ ಕಾರ್ಯಕ್ಕ ನಮ್ಮ ಮನ್ಯಾಗಿಂದ ಒಬ್ರೂ ಬರಂಗಿಲ್ಲ. ಕೂಸಿನ ಕಿವ್ಯಾಗ ಕುರ್ ಅನ್ನಾಕ ಯಾರನ್ನ ಕರೀತೀರಿ ನೋಡ್ತೇನಿ. ಆಮ್ಯಾಲ ನಿಮ್ಮ ಮಗಳನ್ನ ಯಾವ ಮನಿಗೆ ಕಳಸ್ತೀರಿ ಅದನ್ನೂ ನೋಡ್ತೇನಿ."

ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಕುರ್ ಅಂದು ಹೆಸರು ಹೇಳುವವಳು ಸೋದರತ್ತಿ, ಅಂದರೆ ಬೀಗರ ಮಗಳು. ಅಕಿ ಬರದಿದ್ದರೆ ಬಂದ ಮಂದಿ ಎಲ್ಲ ಅದನ್ನೇ ಕೇಳುತ್ತಾರೆ. ಹುನಗುಂದ ದಾಟಿ ಬರುವಾಗ ಬಸ್ಸಿನಲ್ಲಿ ನಾನು ಮಾಡಿದ ವಿಚಾರ ನನಗೇ ಗೊತ್ತು. ಕಂಪನಿಯ ತಪ್ಪು ಅಂತ ಒಂದು ಮಾತು ಹೇಳಿದರೆ ಎಲ್ಲ ಇದ್ದಂಗೇ ಇರುತ್ತಿತ್ತು.

ಮನಿಯಲ್ಲಿ ನಮ್ಮ ಮನಿಯಾಕಿಗೆ ಹೇಳಿದೆ. ಅಕಿ ಹೊರಗಿನ ಬಾಗಿಲು ಎಳೆದು ಮುಚ್ಚಿದಳು. "ನೀವು ಸುಮ್ಮನ ಇರ್ರಿ. ಮಗಳು ಆ ಮನ್ಯಾಗ ಬಾಳೇ ಮಾಡಬೇಕು."

ಒಳಗಿಂದ ಮಗಳು ಕೂಸಿಗೆ ಹಾಲು ಕುಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು.

"ಅಪ್ಪಾ, ಈಗ ಕರೆಂಟ್ ಹೋದ್ರ ಅಕ್ಕೋರಿಗೆ ಏನೈತಿ?"

"ಸಿಲಿಂಡರ್ ಒಂದ ಐತಿ. ಅದೂ ಅರ್ಧಾಗೈತಿ."

"ಮತ್ತ ನೀ ಇಲ್ಲೆ ಯಾಕ ಕುಂತೀ?"

ನಾನು ಎದ್ದೆ. ಅಧ್ಯಕ್ಷರ ಮನಿಯ ಬಾಗಿಲು ಬಡಿದು, ನಿಂತಲ್ಲೇ ಹೇಳಿದೆ. "ಮಾಲು ಖೊಟ್ಟಿ ಐತ್ರಿ ಸಾಹೇಬ್ರ. ಕಂಪನಿ ಅಲ್ಲ, ಕೊಟ್ಟಾವ ನಮ್ಮ ಬೀಗ."

ಅವರು ಕನ್ನಡಕ ತೆಗೆದು ಒರೆಸಿದರು. "ನಾನರೆ ಕೇಳಿ ಸುಮ್ನಾದೆ ನೋಡ್ರಿ. ಬೀಗರು ಅಂದ್ರಲ್ಲ, ಮತ್ತ ಕೇಳಾಕ ನನಗ ಬಾಯಿ ಬರಲಿಲ್ಲ."

ಆ ಸಂಜಿಯೇ ಅಂಗಡಿಯಿಂದ ಇನ್ವರ್ಟರು, ಅದರ ನೀರಿನ ಬ್ಯಾಟರಿ ತರಿಸಿದೆವು. ಇಬ್ಬರು ಹೊತ್ತು ನಾಲ್ಕನೇ ಮಾಳಿಗಿಗೆ ಏರಿಸಿದೆವು, ಕಿಡಕಿ ಹತ್ತಿರ ಗಾಳಿ ಆಡುವಲ್ಲಿ ಇಟ್ಟೆವು. ಮೊದಲು ಹ್ಯಾಲೋಜನ್ ಹಚ್ಚಿದೆ, ಆಮೇಲೆ ಮಷೀನು. ಅಕ್ಕೋರು ನಿದ್ದಿ ಮಾಡಿ ಏಳುವ ತನಕ ಅಲ್ಲೇ ಕುಂತೆ. ಮುಂದೆ ಲಿಥಿಯಂ ಬಾಕ್ಸು, ವಾಕಿಟಾಕಿ ಬಾಗಲಕೋಟಿಯಲ್ಲೇ ಕೊಂಡೆವು. ಅಂಗಡಿಯವ ಸಿಟ್ಟಾದರೂ ಬಿಡದೆ, ಅವನ ಮುಂದೆಯೇ ಒಂದೊಂದನ್ನೂ ಆರುವ ತನಕ ಓಡಿಸಿ ನೋಡಿದೆ.

ಹಳೆಯ ಮಾಲು ಒಯ್ಯಲಿಕ್ಕೆ ಬೀಗರು ಅಳಿಯನನ್ನು ಕಳಿಸಿದರು. ಎಲ್ಲ ಟೆಂಪೋಕ್ಕೆ ಏರಿಸಿದ. ಸಿಮೆಂಟಿನ ಗಡ್ಡಿ ಮಾತ್ರ ನಾನು ಕೊಡಲಿಲ್ಲ. ಅವನು ಕೇಳಲೂ ಇಲ್ಲ. "ನಾ ಹೇಳಿದ್ನಿ ಮಾವಾರ" ಅಂದ. "ಪೂರಾ ಹೇಳಾಕ ಆಗಲಿಲ್ಲ."

"ಅರ್ಧ ಹೇಳಿದ್ರಿ. ಅರ್ಧ ತಿಳ್ಕೊಳ್ಳಾಕ ನನಗ ಆಗಲಿಲ್ಲ" ಅಂದೆ. ಮತ್ತೇನು ಹೇಳಲಿ? ಅವನೂ ಅದೇ ಮನಿಯ ಅನ್ನ ತಿಂದವ.

ತೊಟ್ಟಿಲ ದಿನ ಬಂತು. ಬೀಗರ ಸಲುವಾಗಿ ತಂದಿಟ್ಟ ಆಹೇರಿಯ ಧೋತರ, ರುಮಾಲು ಟ್ರಂಕಿನ ಮೇಲೆ ಮಡಚಿದಂಗೇ ಇದ್ದವು. ಹೆಣ್ಣುಮಕ್ಕಳು ಬಂದು ತುಂಬಿದರು, ಗುಗ್ಗರಿ ತಣ್ಣಗಾಯಿತು, ಬಾಗಿಲ ಕಡೆ ಎಲ್ಲರ ಕಣ್ಣು. ಮಗಳು ಮಾತ್ರ ಕೂಸಿನ ಮುಖ ಬಿಟ್ಟು ಎಲ್ಲೂ ನೋಡಲಿಲ್ಲ.

ಬಿಸಿಲು ಏರಿದ ಮೇಲೆ ಅಳಿಯ ಬಂದ. ಒಬ್ಬನೇ ಅಲ್ಲ, ಹುನಗುಂದದಲ್ಲಿ ಇಳಿದು, ಅಲ್ಲಿಗೆ ಕೊಟ್ಟ ತನ್ನ ಅಕ್ಕನನ್ನು ಕರಕೊಂಡು ಬಂದಿದ್ದ. ತಂದಿಗೆ ಕೇಳಿರಲಿಲ್ಲ. ಅಕಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಹೆಸರು ಯಾವುದರಿ ಮಾಮಾರ?" ಅಂತ ನನ್ನನ್ನೇ ಕೇಳಿದಳು.

ಎಲ್ಲರೂ ನನ್ನ ಕಡೆ ನೋಡಿದರು. ಬ್ಯಾರೆ ಹೆಸರು ಇಡೋಣು ಅಂತ ನಮ್ಮ ಮನಿಯಾಕಿ ಹಿಂದಿನ ದಿನವೇ ಹೇಳಿದ್ದಳು.

"ನೀಲಮ್ಮ" ಅಂದೆ. ಕೊಟ್ಟ ಮಾತು ನನ್ನದು. ಅವರು ಏನು ಕೊಟ್ಟರು ಅನ್ನುವುದು ಅವರದು.

ಅಕಿ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ ಅಂದಳು, ಹೆಂಗಸರು ಅಕಿಯ ಬೆನ್ನು ಗುದ್ದಿ ನಕ್ಕರು. ಕೆಳಗೆ ಬರಲಾಗದ ಅಕ್ಕೋರು ವಾಕಿಟಾಕಿ ಹಿಡಿದು ಕುಂತಿದ್ದರು. ನಾನು ಗುಂಡಿ ಒತ್ತಿ ಹೆಸರು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವರ ದನಿ ಬಂತು, ಸಾಲಿಯಲ್ಲಿ ಹಾಜರಿ ಕರೆಯುವಂಗ.

"ನೀಲಮ್ಮ."

"ಹಾಜರ್ರಿ ಅಕ್ಕೋರ" ಅಂದಳು ನಮ್ಮ ಮನಿಯಾಕಿ, ಸೆಟ್ಟು ಕಸಿದುಕೊಂಡು.

ಅಳಿಯ ಈಗ ಬಾಗಲಕೋಟಿಯಲ್ಲೇ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತಾನೆ, ಹತ್ತಿರದ ಓಣಿಯಲ್ಲಿ ಬಾಡಿಗಿ ಮನಿ. ಮಗಳು ಬಾಯಿ ಬಿಟ್ಟು ಏನೂ ಅಂದಿಲ್ಲ, ಆದರೆ ಅತ್ತಿಯ ಕೈಯ ಸಾರಿನ ಮಾತು ಆಗಾಗ ತೆಗೆಯುತ್ತಾಳೆ. ಬೀಗರು ಇತ್ತ ಬಂದಿಲ್ಲ. ಬೀಗ ಅನ್ನುವ ಮಾತು ಬಾಯಿಗೆ ಬಂದಾಗೆಲ್ಲ ನನಗೆ ಅವರು ಕೂಸು ಎತ್ತಿಕೊಂಡು ನಿಂತದ್ದೇ ಕಾಣುತ್ತದೆ. ಆ ಕಣ್ಣೀರು ಖರೆ ಇದ್ದವು. ಅದೇ ಹೊತ್ತಿಗೆ ಹೊರಗೆ ಟೆಂಪೋದಿಂದ ಸಿಮೆಂಟು ಇಳಿಯುತ್ತಿತ್ತು. ಎರಡೂ ಒಂದೇ ಮನುಷ್ಯನವು ಹೆಂಗ ಆದವು, ಅದು ನನಗೆ ಇನ್ನೂ ಬಗೆಹರಿದಿಲ್ಲ.

ಗಡ್ಡಿಯನ್ನು ಪಂಪಿನ ಕೋಣಿಯ ಬಾಗಿಲಿಗೆ ಇಟ್ಟಿದ್ದೇನೆ, ಗಾಳಿಗೆ ಮುಚ್ಚಬಾರದು ಅಂತ. ಮೊನ್ನೆ ನನ್ನ ಸಂಗಾಟ ಕೆಳಗೆ ಬಂದಿದ್ದ ಮೊಮ್ಮಗಳು ಅಂಬೆಗಾಲಿಡುತ್ತ ಆ ಬಾಗಿಲಿಗೆ ಬಂದಳು, ಎರಡೂ ಕೈಯಿಂದ ಅದನ್ನು ಹಿಡಿದು ಎದ್ದು ನಿಂತಳು. ಮೊದಲ ಸಲ. ಕಾಲು ನಡುಗುತ್ತಿದ್ದವು, ಮುಖ ತುಂಬ ನಗು, ಮೂಗು ಅವರದೇ. ನಾನು ವಾಕಿಟಾಕಿಯಲ್ಲಿ ನಾಲ್ಕೂ ಮಾಳಿಗಿಗೆ ಒದರಿ ಹೇಳಿದೆ.

ಅಕಿ ಎದ್ದು ನಿಂತದ್ದನ್ನು ಬೀಗರು ನೋಡಿಲ್ಲ. ಅವರ ಸಿಮೆಂಟು ನೋಡೈತಿ.